ಟಿಬೆಟ್ ಯಾರದ್ದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಕುಶಾಲನಗರದ ಹತ್ತಿರ. ಮನೆಗೆ ನೆಂಟರು ಬಂದರೆ ಟಿಬೆಟಿಯನ್ನರು ನೆಲೆಸಿರುವ ಬೈಲಕುಪ್ಪೆ ತೋರಿಸುವುದು ಕಡ್ಡಾಯ. ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು, ವಾಪಸ್ ಬರುವಾಗ ಕಾರಿನಲ್ಲಿ ಇದೇ ಪ್ರಶ್ನೆಗಳು ಶುರುವಾಗುತ್ತವೆ. ಹತ್ತಾರು ವರ್ಷದಿಂದ ಓದಿಕೊಂಡು, ಕೇಳಿಕೊಂಡು ಬಂದದ್ದನ್ನು ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಆಗುತ್ತದೆ ಅನ್ನಿಸಿತು. ನನ್ನ ಅಭಿಪ್ರಾಯವೂ ಇದರಲ್ಲಿ ಬೆರೆತಿದೆ, ಅದನ್ನು ಮುಚ್ಚಿಡುವುದಿಲ್ಲ.

ಸುತ್ತಿ ಬಳಸಬೇಡಿ. ಟಿಬೆಟ್ ಚೀನಾದ್ದಾ, ಅಲ್ವಾ?

ಇವತ್ತು ಆಳುತ್ತಿರುವುದು ಚೀನಾ. ಭಾರತ ಸೇರಿ ಜಗತ್ತಿನ ಸರ್ಕಾರಗಳು ಅದನ್ನು ಒಪ್ಪಿಕೊಂಡಿವೆ. ಅಷ್ಟು ಮಾತ್ರ ಕೇಳಿದ್ದರೆ ಉತ್ತರ ಮುಗಿಯಿತು.

ಆದರೆ ಜಗಳ ಇರುವುದು ಬೇರೆ ಕಡೆ. ಪಹಣಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರು, ಹನ್ನೆರಡನೇ ಕಾಲಂನಲ್ಲಿ ಉಳುವವನ ಹೆಸರು. ಚೀನಾ ಹೇಳುವುದು ಎರಡೂ ಕಾಲಂನಲ್ಲಿ ನೂರಾರು ವರ್ಷದಿಂದ ನಮ್ಮದೇ ಹೆಸರಿದೆ ಅಂತ. ಟಿಬೆಟಿಯನ್ನರು ಹೇಳುವುದು 1950ರಲ್ಲಿ ಬಂದೂಕು ಹಿಡಿದು ಒಳಗೆ ಬಂದಿರಿ, ಹಳೆಯ ದಾಖಲೆ ಆಮೇಲೆ ಹುಡುಕಿದಿರಿ ಅಂತ. ನನಗೆ ಕಾಣುವ ಪ್ರಕಾರ, ಆ ಹಳೆಯ ಕಾಲಕ್ಕೆ ಇಂಥ ಪಹಣಿಯೇ ಇರಲಿಲ್ಲ. ಇಲ್ಲದ ಕಾಗದವನ್ನು ಹುಡುಕಲು ಹೋಗಿ ಇಬ್ಬರೂ ಸಿಕ್ಕಿದ್ದನ್ನೆಲ್ಲ ಕಾಗದ ಅಂತ ತೋರಿಸುತ್ತಾರೆ. ಅದರಲ್ಲಿ ಚೀನಾ ತೋರಿಸುವುದು ಸ್ವಲ್ಪ ಜಾಸ್ತಿ.

ಟಿಬೆಟ್ ಅಂದರೆ ಯಾವ ಜಾಗ?

ಮೊದಲ ಗೊಂದಲವೇ ಇದು. ಚೀನಾ ಟಿಬೆಟ್ ಅಂತ ಕರೆಯುವುದು ತಾನು 1965ರಲ್ಲಿ ಮಾಡಿದ ಟಿಬೆಟ್ ಸ್ವಾಯತ್ತ ಪ್ರದೇಶವನ್ನು. ಸುಮಾರು 12 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಆರು ಪಟ್ಟು. ಟಿಬೆಟಿಯನ್ನರು ಟಿಬೆಟ್ ಅಂತ ಕರೆಯುವುದು ಮೂರು ಪ್ರಾಂತಗಳನ್ನು: ಉ-ತ್ಸಾಂಗ್, ಖಾಮ್, ಆಮ್ದೊ. ಅದು ಸುಮಾರು 25 ಲಕ್ಷ ಚದರ ಕಿಲೋಮೀಟರ್. ಖಾಮ್ ಮತ್ತು ಆಮ್ದೊದ ಬಹುಭಾಗ ಈಗ ಚಿಂಗ್‌ಹಾಯ್, ಸಿಚುವಾನ್, ಗಾನ್ಸು, ಯುನ್ನಾನ್ ಪ್ರಾಂತಗಳಲ್ಲಿ ಹಂಚಿಹೋಗಿದೆ. ಚೀನಾದಲ್ಲಿರುವ ಟಿಬೆಟಿಯನ್ನರು ಸುಮಾರು 70 ಲಕ್ಷ, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸ್ವಾಯತ್ತ ಪ್ರದೇಶದ ಹೊರಗೇ ಇದ್ದಾರೆ. ಈಗಿನ ದಲೈ ಲಾಮಾ ಹುಟ್ಟಿದ್ದೂ ಆಮ್ದೊದಲ್ಲಿ.

ಇಲ್ಲಿ ಟಿಬೆಟಿಯನ್ನರ ವಾದದ ಒಂದು ಬಲಹೀನ ಜಾಗವೂ ಇದೆ. ಭಾಷೆ, ಧರ್ಮ, ಊಟ ಒಂದೇ ಇದ್ದರೂ ರಾಜಧಾನಿ ಲಾಸಾದ ಸರ್ಕಾರ ಈ ಮೂರೂ ಪ್ರಾಂತಗಳನ್ನು ಕೊನೆಯ ಇನ್ನೂರು ವರ್ಷದಲ್ಲಿ ಪೂರ್ತಿಯಾಗಿ ಆಳಿಲ್ಲ. ಆಮ್ದೊ 1724ರಿಂದಲೇ ಲಾಸಾದ ಕೈತಪ್ಪಿತ್ತು. ಖಾಮ್‌ನಲ್ಲಂತೂ ಒಂದೊಂದು ಕಣಿವೆಗೆ ಒಬ್ಬೊಬ್ಬ ಒಡೆಯ.

ಚೀನಾದ ರಾಜಕುಮಾರಿ ಟಿಬೆಟ್‌ಗೆ ಮದುವೆಯಾಗಿ ಬಂದಿದ್ದಳಂತೆ. ಹಾಗಾದರೆ ಸಂಬಂಧ ಹಳೆಯದೇ ಅಲ್ವಾ?

ಸಂಬಂಧ ಹಳೆಯದೇ, ಅದರಲ್ಲಿ ಅನುಮಾನವಿಲ್ಲ. 641ರಲ್ಲಿ ತಾಂಗ್ ವಂಶದ ರಾಜಕುಮಾರಿ ವೆನ್‌ಚೆಂಗ್ ಟಿಬೆಟ್ ದೊರೆ ಸೊಂಗ್‌ಚೆನ್ ಗಂಪೊನನ್ನು ಮದುವೆಯಾದಳು. ನೇಪಾಳದ ರಾಜಕುಮಾರಿ ಭೃಕುಟಿಯೂ ಅವನ ರಾಣಿ ಅಂತ ಟಿಬೆಟ್ ಪರಂಪರೆ ಹೇಳುತ್ತದೆ. ಹಾಗಂತ ನೇಪಾಳ ಬಂದು ಟಿಬೆಟ್ ನಮ್ಮದು ಅಂದಿದೆಯಾ?

ಆಗ ಟಿಬೆಟ್ ಸುಮ್ನೆ ಒಂದು ಮೂಲೆಯ ರಾಜ್ಯ ಆಗಿರಲಿಲ್ಲ. ಮಧ್ಯ ಏಷ್ಯಾದ ದಾರಿಗಳಿಗಾಗಿ ತಾಂಗ್ ಚೀನಾದ ಜೊತೆ ನೂರು ವರ್ಷಕ್ಕೂ ಮೇಲೆ ಕಾದಾಡಿದ ಸಾಮ್ರಾಜ್ಯ ಅದು. 763ರಲ್ಲಿ ಅವರ ಸೇನೆ ಚೀನಾದ ರಾಜಧಾನಿ ಚಾಂಗ್‌ಆನ್‌ಗೇ ನುಗ್ಗಿ, ಕೆಲವು ದಿನದ ಮಟ್ಟಿಗೆ ತಮಗೆ ಬೇಕಾದವನನ್ನು ಚಕ್ರವರ್ತಿ ಅಂತ ಕೂರಿಸಿತ್ತು. 821–822ರಲ್ಲಿ ಎರಡೂ ಕಡೆ ಶಾಂತಿ ಒಪ್ಪಂದವಾಯಿತು. ಅದನ್ನು ಎರಡೂ ಭಾಷೆಯಲ್ಲಿ ಕೆತ್ತಿದ ಕಂಬ ಲಾಸಾದ ಜೋಖಾಂಗ್ ದೇವಾಲಯದ ಮುಂದೆ ಇವತ್ತಿಗೂ ನಿಂತಿದೆ. ಟಿಬೆಟಿಯನ್ನರು ಟಿಬೆಟ್‌ನಲ್ಲಿ ಸುಖವಾಗಿರಲಿ, ಚೀನೀಯರು ಚೀನಾದಲ್ಲಿ ಸುಖವಾಗಿರಲಿ ಅನ್ನುವ ಅರ್ಥದ ಮಾತು ಅದರಲ್ಲಿದೆ. ತಮಾಷೆ ಏನೆಂದರೆ ಚೀನಾ ಕೂಡ ಇದೇ ಕಂಬವನ್ನು ಸಾಕ್ಷಿಗೆ ಕರೆಯುತ್ತದೆ. ಅದರಲ್ಲಿ ಎರಡು ರಾಜಮನೆತನಗಳು ಸೋದರಮಾವ–ಅಳಿಯ ಅಂತ ಬರೆದಿದೆ, ನೋಡಿ ಒಂದೇ ಕುಟುಂಬ, ಅನ್ನುವುದು ಅವರ ವಾದ. ಮಾವ ಅಳಿಯ ಆದರೂ ಹೊಲದ ಬದು ಬೇರೆ ಬೇರೆ ಅಂತ ನಮ್ಮ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಕುಬ್ಲಾಯ್ ಖಾನನ ಕಾಲದಿಂದ ಟಿಬೆಟ್ ಚೀನಾದ ಭಾಗ ಅನ್ನುತ್ತಾರಲ್ಲ?

ಚೀನಾ ಬಹಳ ಕಾಲ ಒತ್ತಿ ಹೇಳಿದ್ದು ಇದನ್ನೇ. 1992ರ ಸರ್ಕಾರಿ ಶ್ವೇತಪತ್ರದಲ್ಲಿ ಹದಿಮೂರನೇ ಶತಮಾನದ ಯುವಾನ್ ಆಳ್ವಿಕೆಯಿಂದ ಟಿಬೆಟ್ ನಮ್ಮ ಅಧಿಕೃತ ಭಾಗ ಅನ್ನುವ ಮಾತಿದೆ. ಈಚಿನ ವರ್ಷಗಳಲ್ಲಿ ಆ ಮಾತೂ ಸಾಲದಾಗಿ ‘ಪ್ರಾಚೀನ ಕಾಲದಿಂದಲೂ’ ಅಂತ ಹೇಳಲು ಶುರು ಮಾಡಿದ್ದಾರೆ. ದಾಖಲೆ ಹೊಸದಾಗುತ್ತಾ ಹೋದ ಹಾಗೆ ತಾರೀಖು ಹಿಂದಕ್ಕೆ ಹೋಗುತ್ತಿದೆ!

ಯುವಾನ್ ಅಂದರೆ ಮಂಗೋಲರು. ಅವರು 1240ರಲ್ಲಿ ಟಿಬೆಟ್ ಮೇಲೆ ದಾಳಿ ಮಾಡಿದರು. 1247ರಲ್ಲಿ ಸಾಕ್ಯ ಪಂಡಿತ ಅನ್ನುವ ದೊಡ್ಡ ಲಾಮಾ ಮಂಗೋಲ್ ರಾಜಕುಮಾರ ಗೋದನ್‌ನನ್ನು ಕಂಡು ರಾಜಿ ಮಾಡಿಕೊಂಡರು. ಆಗ ದಕ್ಷಿಣ ಚೀನಾದಲ್ಲಿ ಸೊಂಗ್ ವಂಶ ಇನ್ನೂ ಸ್ವತಂತ್ರವಾಗಿಯೇ ಇತ್ತು, ಮಂಗೋಲರು ಅದನ್ನು ಪೂರ್ತಿ ಗೆದ್ದದ್ದು 1279ರಲ್ಲಿ. ಅಂದರೆ ಒಬ್ಬನೇ ಸಾಹುಕಾರ ಎರಡು ಬೇರೆ ಬೇರೆ ತೋಟ ಕೊಂಡ. ಅವನು ಹೋದ ಮೇಲೆ ಒಂದು ತೋಟದವರು ಬಂದು ಇನ್ನೊಂದು ತೋಟವೂ ನಮ್ಮದೇ ಅನ್ನುತ್ತಿದ್ದಾರೆ. ಇದೇ ಲೆಕ್ಕ ಹಿಡಿದರೆ ಕೊರಿಯಾದ ಗೊರ್ಯೊ ರಾಜ್ಯವೂ ಮಂಗೋಲರ ಕೈಕೆಳಗಿತ್ತು.

ಆದರೆ ಯುವಾನ್ ಕಾಲದಲ್ಲಿ ಟಿಬೆಟ್ ಪೂರ್ತಿ ಸ್ವತಂತ್ರವಾಗಿತ್ತು ಅನ್ನುವುದೂ ತಪ್ಪು. ಬೀಜಿಂಗ್‌ನಲ್ಲಿ ಟಿಬೆಟ್ ವ್ಯವಹಾರಕ್ಕೆ ಒಂದು ಕಚೇರಿ ಇತ್ತು, ಮಂಗೋಲರು ಜನಗಣತಿ ಮಾಡಿಸಿದರು, ತೆರಿಗೆ ಹಾಕಿದರು. 1350ರ ಹೊತ್ತಿಗೆ ಚಾಂಗ್‌ಚುಬ್ ಗ್ಯಾಲ್‌ಚೆನ್ ಅನ್ನುವವನು ಮಂಗೋಲರ ಬೆಂಬಲದಿಂದ ಆಳುತ್ತಿದ್ದ ಸಾಕ್ಯ ಪಂಥದ ಲಾಮಾಗಳ ಆಡಳಿತ ಕಿತ್ತುಹಾಕಿದ. ಚೀನಾದಲ್ಲಿ ಮಿಂಗ್ ವಂಶ ಬಂದದ್ದು ಅದಾದ ಮೇಲೆ, 1368ರಲ್ಲಿ.

ಮಿಂಗ್ ಕಾಲದಲ್ಲಿ?

ಬಿರುದು ಕೊಟ್ಟರು, ಚಹಾ ಕೊಟ್ಟು ಕುದುರೆ ಕೊಂಡರು. ಆಡಳಿತ ಅನ್ನುವಂಥದ್ದು ಏನೂ ಇರಲಿಲ್ಲ. ‘ದಲೈ ಲಾಮಾ’ ಅನ್ನುವ ಬಿರುದನ್ನೂ 1578ರಲ್ಲಿ ಕೊಟ್ಟವನು ಮಂಗೋಲ್ ದೊರೆ ಅಲ್ತಾನ್ ಖಾನ್, ಚೀನಾದ ಚಕ್ರವರ್ತಿಯಲ್ಲ.

ಹಾಗಾದರೆ ಚೀನಾದ ವಾದದಲ್ಲಿ ಹುರುಳೇ ಇಲ್ವಾ?

ಇದೆ. ಅದು ಚಿಂಗ್ ಕಾಲದ್ದು. ಟಿಬೆಟ್ ಪರ ಮಾತಾಡುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1642ರಲ್ಲಿ ಗುಶ್ರಿ ಖಾನ್ ಅನ್ನುವ ಮಂಗೋಲ್ ದೊರೆ ಐದನೇ ದಲೈ ಲಾಮಾಗೆ ಟಿಬೆಟ್‌ನ ಅಧಿಕಾರ ಒಪ್ಪಿಸಿದ. ಎರಡು ವರ್ಷದ ನಂತರ ಬೀಜಿಂಗ್‌ನಲ್ಲಿ ಮಂಚು ಜನರ ಚಿಂಗ್ ವಂಶ ಗದ್ದುಗೆ ಏರಿತು. 1720ರಲ್ಲಿ ಜುಂಗರ್ ಮಂಗೋಲರನ್ನು ಓಡಿಸಲು ಚಿಂಗ್ ಸೇನೆ ಲಾಸಾಗೆ ಬಂತು. 1728ರಿಂದ ಆಂಬಾನ್ ಅನ್ನುವ ಚಕ್ರವರ್ತಿಯ ಪ್ರತಿನಿಧಿಗಳು ಲಾಸಾದಲ್ಲಿ ಕೂತರು. ನೇಪಾಳದ ಗೂರ್ಖಾಗಳು ಟಿಬೆಟ್ ಮೇಲೆ ಬಿದ್ದಾಗ 1792ರಲ್ಲಿ ಅವರನ್ನು ಹಿಮ್ಮೆಟ್ಟಿಸಿದ್ದು ಚಿಂಗ್ ಸೇನೆಯೇ. ಅದರ ಮರುವರ್ಷ 29 ಅಂಶಗಳ ಕಟ್ಟಳೆ ಬಂತು. ವಿದೇಶ ವ್ಯವಹಾರ ಆಂಬಾನ್ ಕೈಯಲ್ಲಿ, ದೊಡ್ಡ ಲಾಮಾಗಳ ಆಯ್ಕೆ ಚಿನ್ನದ ಕಲಶದಿಂದ ಚೀಟಿ ಎತ್ತಿ ಆಗಬೇಕು, ಹೀಗೆ. ಇದು ಬರೀ ಮರ್ಯಾದೆಯ ಸಂಬಂಧ ಅಲ್ಲ. ನಿಜವಾದ ಹಿಡಿತ.

ಟಿಬೆಟಿಯನ್ನರು ಈ ಸಂಬಂಧವನ್ನು ‘ಚೋ-ಯೋನ್’ ಅನ್ನುತ್ತಾರೆ. ಒಬ್ಬ ಗುರು, ಒಬ್ಬ ಪೋಷಕ. ಗುರು ಹರಸುತ್ತಾನೆ, ಪೋಷಕ ಕಾಪಾಡುತ್ತಾನೆ, ಯಾರೂ ಯಾರ ಆಳಲ್ಲ. ನಮಗೆ ಇದು ಹೊಸದಲ್ಲ, ಶೃಂಗೇರಿ ಮಠಕ್ಕೆ ವಿಜಯನಗರದವರೂ ಮೈಸೂರಿನವರೂ ಟಿಪ್ಪುವೂ ನಡೆದುಕೊಂಡಿದ್ದರು. ಆದರೆ ಪೋಷಕ ಸೇನೆ ತಂದು ಮನೆಯೊಳಗೇ ಕೂತಾಗ ಚೋ-ಯೋನ್ ಅನ್ನುವ ಮಾತು ಸ್ವಲ್ಪ ತೆಳ್ಳಗಾಗುತ್ತದೆ, ಒಪ್ಪಿಕೊಳ್ಳಬೇಕು.

ಇನ್ನೊಂದು ಮಗ್ಗುಲೂ ಇದೆ. ಚಿಂಗ್‌ನವರು ಟಿಬೆಟನ್ನು ಚೀನಾದ ಪ್ರಾಂತಗಳ ಹಾಗೆ ಆಳಲಿಲ್ಲ. ಮಂಗೋಲಿಯಾ ನೋಡಿಕೊಳ್ಳುವ ಬೇರೆ ಇಲಾಖೆಗೇ ಟಿಬೆಟ್ ಸೇರಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಹಿಡಿತ ಸಡಿಲವಾಯಿತು. 1855ರಲ್ಲಿ ನೇಪಾಳ ಮತ್ತೆ ದಂಡೆತ್ತಿ ಬಂದಾಗ ಬೀಜಿಂಗ್‌ನಿಂದ ಸಹಾಯ ಬರಲಿಲ್ಲ. 1856ರ ಥಾಪಥಲಿ ಒಪ್ಪಂದದಲ್ಲಿ ಟಿಬೆಟ್ ತಾನೇ ನೇಪಾಳಕ್ಕೆ ವರ್ಷಕ್ಕೆ 10,000 ರೂಪಾಯಿ ಕೊಡಲು ಒಪ್ಪಿತು. ಅದೇ ಕಾಗದದಲ್ಲಿ ಎರಡೂ ಕಡೆಯವರು ಚೀನಾ ಚಕ್ರವರ್ತಿಗೆ ಗೌರವ ಕೊಡುತ್ತೇವೆ ಅಂತಲೂ ಬರೆದಿದ್ದಾರೆ. ಒಂದೇ ಹಾಳೆ, ಇಬ್ಬರಿಗೂ ಬೇಕಾದ ಸಾಲು!

ಚಿಂಗ್ ಆಳಿದ್ದೆಲ್ಲ ಚೀನಾಗೆ ಬರಬೇಕು ಅನ್ನುವುದಾದರೆ ಮಂಗೋಲಿಯಾ?

ಒಳ್ಳೆ ಪ್ರಶ್ನೆ. ಚೀನಾದ ವಾದಕ್ಕೆ ಅತಿ ಕಷ್ಟದ ಪ್ರಶ್ನೆಯೂ ಇದೇ. ಹೊರ ಮಂಗೋಲಿಯಾ ಕೂಡ ಟಿಬೆಟ್ ಹಾಗೇ ಚಿಂಗ್ ಕೈಕೆಳಗಿತ್ತು. ಅದೂ 1911ರಲ್ಲಿ ಸ್ವಾತಂತ್ರ್ಯ ಸಾರಿತು. ಅದರ ಬೆನ್ನಿಗೆ ಸೋವಿಯತ್ ರಷ್ಯಾ ನಿಂತಿತ್ತು, ಹಾಗಾಗಿ 1946ರಲ್ಲಿ ಚೀನಾ ಅದನ್ನು ಒಪ್ಪಿಕೊಂಡಿತು. 1961ರಲ್ಲಿ ಅದು ವಿಶ್ವಸಂಸ್ಥೆ ಸೇರಿತು. ಟಿಬೆಟ್ ಬೆನ್ನಿಗೆ ಯಾರೂ ನಿಲ್ಲಲಿಲ್ಲ. ಇತಿಹಾಸದ ವಾದಕ್ಕಿಂತ ಬೆನ್ನಿಗೆ ಯಾರಿದ್ದಾರೆ ಅನ್ನುವುದೇ ದೊಡ್ಡದು ಅಂತ ನನಗೆ ಅನ್ನಿಸುವುದು ಇಂಥ ಕಡೆ.

ಚೀನಾದ ಕಮ್ಯುನಿಸ್ಟರೂ ಮೊದಲು ಹೀಗೆ ಮಾತಾಡುತ್ತಿರಲಿಲ್ಲ. 1931ರಲ್ಲಿ ಜಿಯಾಂಗ್‌ಶಿಯಲ್ಲಿ ಅವರು ಮಾಡಿಕೊಂಡ ಸಂವಿಧಾನದಲ್ಲಿ ಮಂಗೋಲರು, ಟಿಬೆಟಿಯನ್ನರು ಮುಂತಾದವರಿಗೆ ಬೇಕಾದರೆ ಬೇರೆಯಾಗಿ ಹೋಗುವ ಹಕ್ಕೂ ಇದೆ ಅಂತ ಬರೆದಿದ್ದರು. ಅಧಿಕಾರ ಸಿಕ್ಕ ಮೇಲೆ ಆ ಸಾಲು ಮಾಯ.

‘ಸೂಜರೆಂಟಿ’ ಅಂತ ಎಲ್ಲ ಕಡೆ ಬರುತ್ತದೆ. ಏನದು?

ಬ್ರಿಟಿಷರು ತಮ್ಮ ಅನುಕೂಲಕ್ಕೆ ಹಿಡಿದುಕೊಂಡ ಪದ. ಸಾರ್ವಭೌಮತ್ವ ಅಲ್ಲ, ಸ್ವಾತಂತ್ರ್ಯವೂ ಅಲ್ಲ. ಸಾಮಂತ–ಚಕ್ರವರ್ತಿ ಸಂಬಂಧದ ಹಾಗೆ, ಕೆಳದಿಯವರು ವಿಜಯನಗರಕ್ಕೆ ಇದ್ದರಲ್ಲ, ಆ ಥರ. ಟಿಬೆಟ್ ಮೇಲೆ ಚೀನಾಗೆ ‘ಸೂಜರೆಂಟಿ’ ಇದೆ ಆದರೆ ಟಿಬೆಟ್ ತನ್ನನ್ನು ತಾನೇ ಆಳಿಕೊಳ್ಳುತ್ತದೆ ಅನ್ನುವುದು ಅವರ ಸೂತ್ರ. ರಷ್ಯಾ ಒಳಗೆ ಬರಬಾರದು, ಚೀನಾ ಜೊತೆ ವ್ಯಾಪಾರ ಕೆಡಬಾರದು, ಎರಡೂ ಬೇಕಿತ್ತು ಅವರಿಗೆ.

1890ರಲ್ಲಿ ಬ್ರಿಟಿಷರು ಸಿಕ್ಕಿಂ–ಟಿಬೆಟ್ ಗಡಿಯನ್ನು ಚೀನಾ ಜೊತೆ ಕೂತು ತೀರ್ಮಾನ ಮಾಡಿದರು. ನಮ್ಮನ್ನು ಕೇಳದೆ ಮಾಡಿದ ಗಡಿ ನಮಗೆ ಬೇಡ ಅಂತ ಟಿಬೆಟಿಯನ್ನರು ಒಪ್ಪಲಿಲ್ಲ. ಚೀನಾದ ಮಾತು ಲಾಸಾದಲ್ಲಿ ನಡೆಯುವುದಿಲ್ಲ ಅಂತ ಗೊತ್ತಾಗಿ 1904ರಲ್ಲಿ ಬ್ರಿಟಿಷ್ ಅಧಿಕಾರಿ ಯಂಗ್‌ಹಸ್ಬೆಂಡ್ ಸೇನೆ ತೆಗೆದುಕೊಂಡು ಹೋಗಿ ನೇರವಾಗಿ ಲಾಸಾದವರ ಹತ್ತಿರವೇ ಸಹಿ ಹಾಕಿಸಿಕೊಂಡ. ಇಷ್ಟೆಲ್ಲ ಆದ ಮೇಲೆ 1906–07ರಲ್ಲಿ ಬ್ರಿಟನ್ ಮತ್ತೆ ಚೀನಾ, ರಷ್ಯಾ ಜೊತೆ ಒಪ್ಪಂದ ಮಾಡಿಕೊಂಡು ಟಿಬೆಟ್ ಮೇಲೆ ಚೀನಾದ ಕೈಯನ್ನು ತಾನೇ ಗಟ್ಟಿ ಮಾಡಿತು. ಆ 1890ರ ಕಾಗದ ಸತ್ತಿದೆ ಅಂದುಕೊಳ್ಳಬೇಡಿ. 2017ರಲ್ಲಿ ಸಿಕ್ಕಿಂ ಪಕ್ಕದ ಡೋಕ್ಲಾಂನಲ್ಲಿ ಭಾರತ–ಚೀನಾ ಸೇನೆಗಳ ಗಲಾಟೆಯಾದಾಗ ಚೀನಾ ಹೊರಗೆ ತೆಗೆದದ್ದು ಅದನ್ನೇ.

2008ರಲ್ಲಿ ಬ್ರಿಟನ್ ‘ಸೂಜರೆಂಟಿ’ ಹಳೆಯ ಕಾಲದ ಮಾತು ಅಂತ ಕೈಬಿಟ್ಟು, ಟಿಬೆಟ್ ಚೀನಾದ ಭಾಗ ಅಂತ ಒಪ್ಪಿಕೊಂಡಿತು. ಬದಲಿಗೆ ಏನು ಸಿಕ್ಕಿತು ಅಂತ ನನಗಂತೂ ಕಾಣಲಿಲ್ಲ.

1950ಕ್ಕೆ ಮೊದಲು ಟಿಬೆಟ್ ನಿಜವಾಗಿ ಸ್ವತಂತ್ರ ದೇಶವಾಗಿತ್ತಾ?

ನಡೆ ನೋಡಿದರೆ ಹೌದು. ಕಾಗದ ನೋಡಿದರೆ ಅಷ್ಟು ಸುಲಭವಿಲ್ಲ.

1910ರಲ್ಲಿ ಚಿಂಗ್ ಸೇನೆ ಲಾಸಾಗೆ ನುಗ್ಗಿದಾಗ ಹದಿಮೂರನೇ ದಲೈ ಲಾಮಾ ಭಾರತಕ್ಕೆ ಓಡಿ ಬಂದರು. ಮರುವರ್ಷ ಚೀನಾದಲ್ಲಿ ಕ್ರಾಂತಿಯಾಯಿತು, ಟಿಬೆಟಿಯನ್ನರು ಆ ಸೈನಿಕರನ್ನೆಲ್ಲ ಹೊರಗೆ ಹಾಕಿದರು. 1913ರ ಫೆಬ್ರುವರಿಯಲ್ಲಿ ದಲೈ ಲಾಮಾ ಒಂದು ಘೋಷಣೆ ಹೊರಡಿಸಿದರು, ಟಿಬೆಟಿಯನ್ನರು ಅದನ್ನು ಸ್ವಾತಂತ್ರ್ಯದ ಘೋಷಣೆ ಅನ್ನುತ್ತಾರೆ. ಅಲ್ಲಿಂದ 1950ರವರೆಗೆ ಸ್ವಂತ ಸೇನೆ, ನಾಣ್ಯ, ನೋಟು, ಅಂಚೆಚೀಟಿ, ಪಾಸ್‌ಪೋರ್ಟ್, ಹಿಮಸಿಂಹದ ಬಾವುಟ ಎಲ್ಲ ಇತ್ತು. ನನಗೆ ತುಂಬಾ ಬಲವಾದ ಸಾಕ್ಷಿ ಅನ್ನಿಸುವುದು ಎರಡನೇ ಮಹಾಯುದ್ಧದ ಕಾಲದ್ದು. ಭಾರತದಿಂದ ಚೀನಾಗೆ ಯುದ್ಧದ ಸಾಮಾನು ಟಿಬೆಟ್ ಮೂಲಕ ಸಾಗಿಸಬೇಕು ಅಂತ ಕೇಳಿದಾಗ ಲಾಸಾ ಒಪ್ಪಲಿಲ್ಲ, ನಾವು ತಟಸ್ಥರು ಅಂದಿತು. ತನ್ನದೇ ಪ್ರಾಂತವೊಂದು ಯುದ್ಧದ ಹೊತ್ತಿನಲ್ಲಿ ಹೀಗೆ ಬಾಗಿಲು ಹಾಕಿಕೊಳ್ಳುವುದು ಎಲ್ಲಾದರೂ ಉಂಟಾ?

ಚೀನಾದ ಕಡೆಯ ಉತ್ತರವೂ ಕೇಳಿ. 1912ರಲ್ಲಿ ಚಿಂಗ್ ಚಕ್ರವರ್ತಿ ಗದ್ದುಗೆ ಬಿಡುವಾಗ ಟಿಬೆಟ್ ಸೇರಿ ಐದು ಜನಾಂಗಗಳ ನೆಲವನ್ನು ಗಣರಾಜ್ಯಕ್ಕೆ ಬಿಟ್ಟುಕೊಟ್ಟಿದ್ದಾನೆ. 1940ರಲ್ಲಿ ಈಗಿನ ದಲೈ ಲಾಮಾ ಪಟ್ಟಕ್ಕೆ ಬಂದಾಗ ನಮ್ಮ ಪ್ರತಿನಿಧಿ ವು ಜೋಂಗ್‌ಶಿನ್ ಅಧ್ಯಕ್ಷತೆ ವಹಿಸಿದ್ದ. 1946ರಲ್ಲಿ ನಾನ್‌ಜಿಂಗ್‌ನ ರಾಷ್ಟ್ರೀಯ ಸಭೆಗೆ ಟಿಬೆಟಿಯನ್ನರು ಬಂದಿದ್ದರು. ಟಿಬೆಟಿಯನ್ನರು ಹೇಳುವುದು, ವು ಬ್ರಿಟಿಷ್ ಪ್ರತಿನಿಧಿಯ ಹಾಗೇ ಒಬ್ಬ ಅತಿಥಿ ಅಷ್ಟೇ ಅಂತ. 1949ರ ಜುಲೈನಲ್ಲಿ ಲಾಸಾದಲ್ಲಿದ್ದ ಚೀನಾದ ಅಧಿಕಾರಿಗಳನ್ನು ಟಿಬೆಟ್ ವಾಪಸ್ ಕಳಿಸಿತು. ಅಷ್ಟೊತ್ತಿಗೆ ತಡವಾಗಿತ್ತು.

ಹಾಗಿದ್ದರೆ ಬೇರೆ ದೇಶಗಳು ಯಾಕೆ ಒಪ್ಪಿಕೊಳ್ಳಲಿಲ್ಲ?

ಲಾಸಾದವರು ಕೇಳಿದ್ದೂ ಕಡಿಮೆ. ಮಂಗೋಲಿಯಾ ಜೊತೆ 1913ರಲ್ಲಿ ಒಂದು ಒಪ್ಪಂದ ಇತ್ತು, ಅಷ್ಟೇ. ಲೀಗ್ ಆಫ್ ನೇಷನ್ಸ್ ಸೇರಲಿಲ್ಲ, ವಿಶ್ವಸಂಸ್ಥೆಗೆ ಅರ್ಜಿ ಹಾಕಲಿಲ್ಲ. ಹೊರಗಿನವರು ಬಂದರೆ ಧರ್ಮ ಕೆಡುತ್ತದೆ ಅಂತ ದೊಡ್ಡ ಮಠಗಳು ಬಾಗಿಲು ಮುಚ್ಚಿಸಿದವು. ಹದಿಮೂರನೇ ದಲೈ ಲಾಮಾ ಸೇನೆ ಬೆಳೆಸಲು ಹೋದರೆ ಅದಕ್ಕೂ ಅಡ್ಡಗಾಲು. 1950ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಗೆ ಮೊರೆ ಹೋದಾಗ ವಿಷಯ ಎತ್ತಿದ್ದು ಎಲ್ ಸಾಲ್ವಡಾರ್ ಅನ್ನುವ ಪುಟ್ಟ ದೇಶ. ಮುಂದೂಡೋಣ ಅಂದವರಲ್ಲಿ ಬ್ರಿಟನ್, ಭಾರತ ಎರಡೂ ಇದ್ದವು. ಆಮೇಲೆ 1959, 1961, 1965ರಲ್ಲಿ ಮೂರು ನಿರ್ಣಯ ಬಂದವು. 1961ರದ್ದರಲ್ಲಿ ಸ್ವಯಂನಿರ್ಣಯದ ಹಕ್ಕಿನ ಮಾತೂ ಇದೆ. ಆದರೆ ಅಷ್ಟರಲ್ಲಿ ಎಲ್ಲ ಮುಗಿದಿತ್ತು.

1951ರಲ್ಲಿ ಟಿಬೆಟಿಯನ್ನರೇ ಸಹಿ ಹಾಕಿದ್ದರಲ್ಲ?

ಹಾಕಿದ್ದರು. ಹೇಗೆ ಅಂತ ನೋಡಬೇಕು. 1950ರ ಅಕ್ಟೋಬರ್‌ನಲ್ಲಿ ಚೀನಾ ಸೇನೆ ಯಾಂಗ್ಚಿ ನದಿ ದಾಟಿ ಬಂತು. ಎರಡು ವಾರದೊಳಗೆ ಚಾಮ್ದೊ ಪಟ್ಟಣ ಬಿತ್ತು, ಅಲ್ಲಿನ ಗವರ್ನರ್ ಙಾಪೊ ಙವಾಂಗ್ ಜಿಗ್ಮೆ ಸೆರೆಸಿಕ್ಕರು. 1951ರ ಮೇ 23ರಂದು ಬೀಜಿಂಗ್‌ನಲ್ಲಿ 17 ಅಂಶದ ಒಪ್ಪಂದಕ್ಕೆ ಸಹಿ ಹಾಕಿದ ನಿಯೋಗದ ಮುಖ್ಯಸ್ಥರೂ ಅವರೇ. ಸಹಿ ಹಾಕಲು ಲಾಸಾದ ಅನುಮತಿ ಇರಲಿಲ್ಲ, ಒತ್ತಿದ ಮುದ್ರೆಗಳನ್ನೂ ಬೀಜಿಂಗ್‌ನಲ್ಲೇ ಮಾಡಿಸಿದ್ದು ಅನ್ನುವುದು ಟಿಬೆಟಿಯನ್ನರ ವಾದ. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ದಲೈ ಲಾಮಾ ಹೆಸರಿನಲ್ಲಿ ಒಪ್ಪಿಗೆಯ ತಂತಿ ಹೋಗಿದೆ. ಆಗ ಅವರಿಗೆ 16 ವರ್ಷ, ಊರ ತುಂಬ ಚೀನಾ ಸೈನಿಕರು.

ಆ ಒಪ್ಪಂದದ ಮೊದಲ ಅಂಶ ಓದಿದರೆ ನಗು ಬರುತ್ತದೆ. ಸಾಮ್ರಾಜ್ಯಶಾಹಿಗಳನ್ನು ಟಿಬೆಟ್‌ನಿಂದ ಓಡಿಸಬೇಕಂತೆ. ಆಗ ಇಡೀ ಟಿಬೆಟ್‌ನಲ್ಲಿದ್ದ ಪಾಶ್ಚಾತ್ಯರನ್ನು ಬೆರಳಲ್ಲಿ ಎಣಿಸಬಹುದಿತ್ತು. ಟಿಬೆಟ್‌ನ ಈಗಿನ ರಾಜಕೀಯ ವ್ಯವಸ್ಥೆ, ದಲೈ ಲಾಮಾ ಸ್ಥಾನಮಾನ ಬದಲಿಸುವುದಿಲ್ಲ ಅಂತಲೂ ಮಾತು ಕೊಟ್ಟಿದ್ದರು. ಮಾತು ಎಷ್ಟು ದಿನ ನಿಂತಿತು ಅಂದರೆ, 1956ರ ಹೊತ್ತಿಗೆ ಖಾಮ್‌ನಲ್ಲಿ ದಂಗೆ, ಲಿಥಾಂಗ್ ಮಠದ ಮೇಲೆ ವಿಮಾನದಿಂದ ಬಾಂಬು. 1959ರ ಮಾರ್ಚ್ 10ರಂದು ಲಾಸಾದ ಜನ ಎದ್ದರು. 17ರ ರಾತ್ರಿ ದಲೈ ಲಾಮಾ ಊರು ಬಿಟ್ಟರು, 31ಕ್ಕೆ ಭಾರತದ ಗಡಿ ದಾಟಿದರು. ಒಪ್ಪಂದವನ್ನು ಅದೇ ವರ್ಷ ತಿರಸ್ಕರಿಸಿದರು.

ಹಳೆಯ ಟಿಬೆಟ್‌ನಲ್ಲಿ ಜೀತ ಇತ್ತಲ್ಲ? ಚೀನಾ ಬಿಡಿಸಿತು ಅಂತಾರೆ.

ಜಮೀನು ಸರ್ಕಾರ, ಮಠ, ಶ್ರೀಮಂತ ಮನೆತನಗಳ ಕೈಯಲ್ಲಿತ್ತು, ರೈತರು ಜಮೀನಿಗೆ ಕಟ್ಟುಬಿದ್ದಿದ್ದರು, ಬಿಟ್ಟಿ ದುಡಿಮೆ ಇತ್ತು. ಅದನ್ನು ಸ್ವರ್ಗ ಅಂತ ತೋರಿಸುವವರ ಮಾತು ನಾನು ನಂಬುವುದಿಲ್ಲ. ಆದರೆ ಪಕ್ಕದ ಮನೆಯಲ್ಲಿ ಅತ್ತೆ ಸೊಸೆಗೆ ಹೊಡೆಯುತ್ತಾಳೆ ಅಂತ ಆ ಮನೆ ನನ್ನ ಹೆಸರಿಗೆ ಬರುವುದಿಲ್ಲ. ಸತಿ ಪದ್ಧತಿ ನಿಲ್ಲಿಸಿದೆವು ಅಂತ ಬ್ರಿಟಿಷರೂ ಹೇಳುತ್ತಿದ್ದರು.

ಭಾರತದ ನಿಲುವು ಏನು?

ಸ್ವಲ್ಪ ಇಕ್ಕಟ್ಟಿನದು. 1914ರಲ್ಲಿ ಶಿಮ್ಲಾ ಸಭೆ ನಡೆದಾಗ ಬ್ರಿಟಿಷರ ಮ್ಯಾಕ್‌ಮಹೋನ್, ಟಿಬೆಟ್‌ನ ಲೋಂಚೆನ್ ಶಾಟ್ರಾ, ಚೀನಾದ ಇವಾನ್ ಚೆನ್ ಮೂವರೂ ಕೂತಿದ್ದರು. ಚೀನಾ ಕೊನೆಗೆ ಸಹಿ ಹಾಕಲಿಲ್ಲ. ಮ್ಯಾಕ್‌ಮಹೋನ್ ರೇಖೆ ಒಪ್ಪಿಕೊಂಡದ್ದು ಟಿಬೆಟ್. ಅರುಣಾಚಲದ ಗಡಿ ಅಂತ ನಾವು ತೋರಿಸುವುದು ಆ ರೇಖೆಯನ್ನೇ. ಟಿಬೆಟ್‌ಗೆ ಸಹಿ ಹಾಕುವ ಅಧಿಕಾರವೇ ಇರಲಿಲ್ಲ ಅನ್ನುತ್ತದೆ ಚೀನಾ. ಇತ್ತು ಅನ್ನದೆ ನಮಗೆ ದಾರಿಯಿಲ್ಲ.

ಹೀಗಿದ್ದರೂ 1954ರ ಪಂಚಶೀಲ ಒಪ್ಪಂದದಲ್ಲಿ ನಾವು ‘ಚೀನಾದ ಟಿಬೆಟ್ ಪ್ರದೇಶ’ ಅಂತ ಬರೆದುಕೊಟ್ಟೆವು. ಟಿಬೆಟ್‌ನ ಯಾತುಂಗ್, ಗ್ಯಾಂತ್ಸೆಯಲ್ಲಿದ್ದ ನಮ್ಮ ಸೈನಿಕರನ್ನು ಕರೆಸಿಕೊಂಡೆವು, ಅಂಚೆ–ತಂತಿ ಬಿಟ್ಟುಕೊಟ್ಟೆವು. ಗಡಿ ಇಲ್ಲಿದೆ ಅಂತ ಒಂದು ಸಾಲು ಬರೆಸಿಕೊಳ್ಳಲಿಲ್ಲ. 2003ರಲ್ಲಿ ವಾಜಪೇಯಿ ಬೀಜಿಂಗ್‌ಗೆ ಹೋದಾಗ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗ ಅಂತ ಮತ್ತೆ ಒಪ್ಪಿದೆವು. ಚೀನಾ ಮಾತ್ರ ಅರುಣಾಚಲವನ್ನು ‘ದಕ್ಷಿಣ ಟಿಬೆಟ್’ ಅನ್ನುವುದನ್ನು ಬಿಟ್ಟಿಲ್ಲ. 2017ರಿಂದ ಅಲ್ಲಿನ ಊರು, ಬೆಟ್ಟ, ನದಿಗಳಿಗೆ ಕಂತು ಕಂತಾಗಿ ಹೊಸ ಹೆಸರು ಇಡುತ್ತಿದೆ. ತವಾಂಗ್ ಮೇಲೆ ಅವರ ಕಣ್ಣು ಜಾಸ್ತಿ, ಆರನೇ ದಲೈ ಲಾಮಾ ಹುಟ್ಟಿದ್ದು ಅಲ್ಲೇ.

ದಲೈ ಲಾಮಾ ಸ್ವಾತಂತ್ರ್ಯ ಕೇಳುತ್ತಿದ್ದಾರಾ?

ಇಲ್ಲ. 1988ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಾತಾಡಿದಾಗಿಂದ ಅವರು ಕೇಳುತ್ತಿರುವುದು ಚೀನಾದೊಳಗೇ ನಿಜವಾದ ಸ್ವಾಯತ್ತತೆ. ಮಧ್ಯಮ ಮಾರ್ಗ ಅಂತ ಅದಕ್ಕೆ ಹೆಸರು. 2002ರಿಂದ 2010ರವರೆಗೆ ಒಂಬತ್ತು ಸುತ್ತು ಮಾತುಕತೆ ಆಯಿತು, ಏನೂ ಹುಟ್ಟಲಿಲ್ಲ. ಚೀನಾ ಹಾಕುವ ಒಂದು ಷರತ್ತು ವಿಚಿತ್ರ: ಟಿಬೆಟ್ ಪ್ರಾಚೀನ ಕಾಲದಿಂದ ಚೀನಾದ ಭಾಗ ಅಂತ ಬಾಯಿಬಿಟ್ಟು ಹೇಳಬೇಕು. ಮುಂದೆ ಚೀನಾದಲ್ಲೇ ಇರುತ್ತೇವೆ, ಹಿಂದಿನದು ಹಿಂದಿನದೇ, ಇತಿಹಾಸವನ್ನು ಬದಲಿಸಲಾಗುವುದಿಲ್ಲ ಅನ್ನುತ್ತಾರೆ ದಲೈ ಲಾಮಾ. ಸ್ವಾತಂತ್ರ್ಯವೇ ಬೇಕು ಅನ್ನುವ ಟಿಬೆಟಿಯನ್ನರೂ ಇದ್ದಾರೆ, ಹುಡುಗರಲ್ಲಿ ಜಾಸ್ತಿ.

ಮುಂದಿನ ದಲೈ ಲಾಮಾ ಯಾರು ಆರಿಸುತ್ತಾರೆ ಅನ್ನುವುದಕ್ಕೂ ಇದಕ್ಕೂ ಏನು ಸಂಬಂಧ?

ಅದೇ ಹಳೆಯ ಕಲಶ. 1793ರ ಕಟ್ಟಳೆ ಇದೆ, ಆದ್ದರಿಂದ ಆಯ್ಕೆ ನಮ್ಮ ಒಪ್ಪಿಗೆಯಿಂದಲೇ ಆಗಬೇಕು ಅಂತ ಚೀನಾ ಹಿಡಿದಿದೆ. 2007ರಲ್ಲಿ ಅದಕ್ಕೊಂದು ನಿಯಮವನ್ನೂ ಮಾಡಿತು. ಆದರೆ ಒಂಬತ್ತನೆಯವರು, ಹದಿಮೂರನೆಯವರು, ಈಗಿನ ಹದಿನಾಲ್ಕನೆಯವರು ಕಲಶವಿಲ್ಲದೆಯೇ ಆದವರು. ಪುನರ್ಜನ್ಮವನ್ನೇ ನಂಬದ ಪಕ್ಷ ಪುನರ್ಜನ್ಮಕ್ಕೆ ಲೈಸೆನ್ಸ್ ಕೊಡುತ್ತೇನೆ ಅನ್ನುತ್ತಿದೆ, ಇನ್ನೇನು ಹೇಳುವುದು.

ದಲೈ ಲಾಮಾ ನಂತರದ ದೊಡ್ಡ ಸ್ಥಾನ ಪಂಚೆನ್ ಲಾಮಾರದ್ದು. 1995ರಲ್ಲಿ ದಲೈ ಲಾಮಾ ಗುರುತಿಸಿದ ಪಂಚೆನ್ ಲಾಮಾ, ಆರು ವರ್ಷದ ಗೆಧುನ್ ಚೋಕಿ ನ್ಯಿಮಾ, ಕೆಲವೇ ದಿನದಲ್ಲಿ ಚೀನಾದ ವಶವಾದ. ಇವತ್ತಿಗೂ ಹೊರಗೆ ಕಾಣಿಸಿಕೊಂಡಿಲ್ಲ. ಅವನ ಜಾಗಕ್ಕೆ ಕಲಶದಿಂದ ಇನ್ನೊಬ್ಬ ಹುಡುಗನನ್ನು ಎತ್ತಿದರು. 2025ರ ಜುಲೈನಲ್ಲಿ, 90 ತುಂಬುವ ಹೊತ್ತಿಗೆ, ದಲೈ ಲಾಮಾ ಪೀಠ ಮುಂದುವರಿಯುತ್ತದೆ, ಗುರುತಿಸುವ ಹಕ್ಕು ತಮ್ಮ ಗಾದೆನ್ ಫೋದ್ರಾಂಗ್ ಟ್ರಸ್ಟ್‌ಗೆ ಮಾತ್ರ ಅಂತ ಹೇಳಿದ್ದಾರೆ. ನಾಳೆ ಇಬ್ಬರು ದಲೈ ಲಾಮಾಗಳು ಆಗಬಹುದು.

‘ಶಿಜಾಂಗ್’ ಅಂದರೆ?

ಟಿಬೆಟ್‌ಗೆ ಚೀನೀ ಹೆಸರು. ಈಚೆಗೆ ಇಂಗ್ಲಿಷ್‌ನಲ್ಲೂ ಅದನ್ನೇ ಬರೆಯುತ್ತಿದ್ದಾರೆ, ಟಿಬೆಟ್ ಅನ್ನುವ ಪದವೇ ಮರೆಯಾಗಲಿ ಅಂತ. ಟಿಬೆಟಿಯನ್ನರು ತಮ್ಮ ನಾಡನ್ನು ಕರೆಯುವುದು ‘ಬೋ’ ಅಂತ.

ನಮ್ಮ ಬೈಲಕುಪ್ಪೆ ಹೇಗೆ ಆಯಿತು?

ದೇಶಕ್ಕೆ ಬಂದ ಟಿಬೆಟಿಯನ್ನರಿಗೆ ಜಾಗ ಕೊಡಿ ಅಂತ ನೆಹರು ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಸುಮಾರು 3,000 ಎಕರೆ ಕಾಡು ಕೊಡಲು ಒಪ್ಪಿತು. 1960ರ ಕೊನೆಗೆ ಮೊದಲ ತಂಡಗಳು ಬಂದವು. ಚಳಿಯ ದೇಶದ ಜನ ಬಿಸಿಲಲ್ಲಿ ಕಾಡು ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆ ಇನ್ನಷ್ಟು ಊರುಗಳಾದವು. ಲಾಸಾದ ಸೇರಾ ಮಠ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾದೆನ್ ಮುಂಡಗೋಡಿನಲ್ಲಿ ಮತ್ತೆ ಎದ್ದವು. ಪಂಚೆನ್ ಲಾಮಾರ ತಾಶಿ ಲ್ಹುಂಪೊ ಮಠವೂ ಬೈಲಕುಪ್ಪೆಯಲ್ಲಿದೆ, ಒಂದು ಸಲ ಹೋಗಿ ನೋಡಿ, ಆ ಆರು ವರ್ಷದ ಹುಡುಗನ ಫೋಟೋ ಇದೆಯಾ ಅಂತ ಕೇಳಿ.

ಅಲ್ಲಿನ ಜಮೀನು ಯಾರ ಹೆಸರಿನಲ್ಲಿದೆ ಅಂತ ನೆಂಟರು ತಪ್ಪದೆ ಕೇಳುತ್ತಾರೆ. ನೆಲ ಸರ್ಕಾರದ್ದು, ಗುತ್ತಿಗೆ ಮೇಲೆ ಕೊಟ್ಟಿದ್ದು. ಉಳುತ್ತಿರುವವರು ಅವರು.